ಫ್ಲೂ ಲಸಿಕೆ: ಚಳಿಗಾಲಕ್ಕೋ, ಮಳೆಗಾಲಕ್ಕೋ?

ಉಡುಪಿ, ಕಾಪು, ಕಾರ್ಕಳಗಳ ಕಡೆ ಮಕ್ಕಳೋ ಮೊಮ್ಮಕ್ಕಳೋ ಹೊರದೇಶದಲ್ಲಿರುವ ಮನೆಗಳು ಬಹಳ. ಅಕ್ಟೋಬರ್ ತಿಂಗಳು ಬಂತೆಂದರೆ ಅಂಥ ಮನೆಗಳಿಗೆ ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ಒಂದು ಫೋನ್ ಬರುವುದುಂಟು. "ನಾವೆಲ್ಲ ಫ್ಲೂ ಲಸಿಕೆ ಹಾಕಿಸಿಕೊಂಡೆವು. ಚಳಿಗಾಲಕ್ಕೆ ಮುಂಚೆ ನೀವೂ ಹಾಕಿಸಿಕೊಳ್ಳಿ." ಹೇಳುವವರದು ಪ್ರೀತಿಯ ಮಾತು, ಸಲಹೆಯೂ ಒಳ್ಳೆಯದೇ. ಆದರೆ ನೀವು ವಿಜ್ಞಾನ ಕಲಿಸುವವರೋ ಕಲಿಯುವವರೋ ಆಗಿದ್ದರೆ ಅಲ್ಲಿಯೇ ಒಂದು ಪ್ರಶ್ನೆ ಏಳಬೇಕು. ಉಡುಪಿಯಲ್ಲಿ ಚಳಿಗಾಲ ಎಂದರೆ ಯಾವುದು?

ಡಿಸೆಂಬರ್-ಜನವರಿಯ ನಸುಕಿನಲ್ಲಿ ಇಲ್ಲಿ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಮಧ್ಯಾಹ್ನ ಮತ್ತೆ 30 ದಾಟುತ್ತದೆ. ಮನೆಯಲ್ಲಿ ಕಂಬಳಿ ತೆಗೆಯುವುದು ಆಗಲ್ಲ, ಜೂನ್-ಜುಲೈಯಲ್ಲಿ. ಶೀತ, ಕೆಮ್ಮು, ಮೈಕೈ ನೋವು, ಜ್ವರ ಎಂದು ವೈದ್ಯರ ಬಾಗಿಲಲ್ಲಿ ಜನ ಸಾಲುಗಟ್ಟುವುದೂ ಹೆಚ್ಚಾಗಿ ಆ ದಿನಗಳಲ್ಲೇ. ಹಾಗಾದರೆ 'ಚಳಿಗಾಲಕ್ಕೆ ಮುಂಚೆ' ಎಂಬ ಮಾತು ಎಲ್ಲಿ ಹುಟ್ಟಿತು, ನಮ್ಮ ಕರಾವಳಿಗೆ ಅದು ಹೊಂದುತ್ತದೆಯೇ? ಉತ್ತರ ಬೇಕಾದರೆ ಈ ಲಸಿಕೆಯ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ತಪ್ಪು ಅಪರಾಧಿಯ ಬೆನ್ನು ಹತ್ತಿದ ಕಾಲ

ಇನ್‌ಫ್ಲುಯೆಂಜಾ ಎಂಬುದು ಇಟಲಿಯ ಮಾತು. 'ಪ್ರಭಾವ' ಎಂದು ಅರ್ಥ. ನಕ್ಷತ್ರಗಳ ಪ್ರಭಾವದಿಂದ, ಚಳಿಯ ಪ್ರಭಾವದಿಂದ ಈ ಜ್ವರ ಬರುತ್ತದೆಂದು ಅಲ್ಲಿಯ ಜನ ನಂಬಿದ್ದರು. ಚಳಿಯ ನಂಟು ಹೆಸರಿನೊಳಗೇ ಸೇರಿಕೊಂಡದ್ದನ್ನು ನೆನಪಿಡಿ. ಯೂರೋಪಿನ ಮಟ್ಟಿಗೆ ಅದು ತಪ್ಪೇನಲ್ಲ.

1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಈ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯವನ್ನು ಗುರುತಿಸಿ ಇದೇ ರೋಗಕಾರಕ ಎಂದು ಸಾರಿದರು. ಆತ ಹೆಸರಾಂತ ವಿಜ್ಞಾನಿ, ರಾಬರ್ಟ್ ಕಾಕ್ ಅವರ ಶಿಷ್ಯ. ಜನ ನಂಬಿದರು. 1918ರಲ್ಲಿ ಜಗತ್ತನ್ನೇ ಸುತ್ತಿದ ಪಿಡುಗು ಬಂದಾಗ ಹಲವು ದೇಶಗಳಲ್ಲಿ ಬ್ಯಾಕ್ಟೀರಿಯಗಳಿಂದ ತಯಾರಿಸಿದ ಲಸಿಕೆಗಳನ್ನು ಚುಚ್ಚಿದ್ದು ಇದೇ ನಂಬಿಕೆಯಿಂದ. ಫ್ಲೂ ನಿಲ್ಲಲಿಲ್ಲ, ನಿಲ್ಲುವಂತೆಯೂ ಇರಲಿಲ್ಲ.

ಆ ಪಿಡುಗು ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು ಮುಂಬಯಿಯಲ್ಲಿ, 1918ರ ಜೂನ್ ತಿಂಗಳಲ್ಲಿ. ಬಂದರಿನ ಕಾವಲಿಗಿದ್ದ ಪೊಲೀಸರು ಜ್ವರದಿಂದ ಆಸ್ಪತ್ರೆ ಸೇರಿದ್ದು ಅದರ ಮೊದಲ ಸುಳಿವುಗಳಲ್ಲಿ ಒಂದು. ಮೊದಲ ಅಲೆ ಸೌಮ್ಯವಾಗಿತ್ತು. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆ ಮಾರಿಯಾಯಿತು. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು, ಹಸಿದ ದೇಹಗಳ ಮೇಲೆ ಜ್ವರ ಎರಗಿತು. ಭಾರತದಲ್ಲಿ ಸತ್ತವರ ಸಂಖ್ಯೆಯನ್ನು ವಿದ್ವಾಂಸರು 1.2 ಕೋಟಿಯಿಂದ 2 ಕೋಟಿಯವರೆಗೆ ಅಂದಾಜು ಮಾಡುತ್ತಾರೆ. ಮೈಸೂರು ಸಂಸ್ಥಾನವೊಂದರಲ್ಲೇ ಸತ್ತವರು ಲಕ್ಷಕ್ಕೆ ಮೀರಿದ್ದರು. ಉಡುಪಿ, ಕಾರ್ಕಳಗಳು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಜನಗಣತಿಯ ಪಟ್ಟಿಯಲ್ಲಿ ಭಾರತದ ಜನಸಂಖ್ಯೆ ಹಿಂದಿನ ಗಣತಿಗಿಂತ ಕಡಿಮೆಯಾದ ದಶಕ ಒಂದೇ ಒಂದು, 1911ರಿಂದ 1921. ಈಗಿನ ಭಾರತದ ಮೇರೆಯೊಳಗೆ ಲೆಕ್ಕ ಹಾಕಿದರೆ 25.2 ಕೋಟಿ ಇದ್ದ ಜನ 25.1 ಕೋಟಿಗೆ ಇಳಿದರು. ತರಗತಿಯಲ್ಲಿ ಜನಸಂಖ್ಯೆಯ ರೇಖಾಚಿತ್ರ ಬರೆಸುವಾಗ ಆ ಸಣ್ಣ ತಗ್ಗನ್ನು ಮಕ್ಕಳಿಗೆ ತೋರಿಸಿ. ಬರ, ಪ್ಲೇಗು, ಮಲೇರಿಯಗಳ ಪಾಲೂ ಅದರಲ್ಲಿದೆ, ಆದರೆ ದೊಡ್ಡ ಪಾಲು ಫ್ಲೂವಿನದು.

ಫೆರೆಟ್ ಸೀನಿತು

ನಿಜವಾದ ಅಪರಾಧಿ ಸಿಕ್ಕಿದ್ದು 1933ರಲ್ಲಿ, ಲಂಡನ್ನಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ. ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಎಂಬ ಮೂವರು ರೋಗಿಗಳ ಗಂಟಲು ತೊಳೆದ ನೀರನ್ನು ಬ್ಯಾಕ್ಟೀರಿಯಗಳು ದಾಟಲಾರದ ಸೋಸುಕದಲ್ಲಿ ಸೋಸಿ ಬಗೆಬಗೆಯ ಪ್ರಾಣಿಗಳ ಮೂಗಿಗೆ ಬಿಟ್ಟು ನೋಡುತ್ತಿದ್ದರು. ಯಾವುದಕ್ಕೂ ಏನೂ ಆಗಲಿಲ್ಲ. ನೀರುನಾಯಿಯ ಬಳಗಕ್ಕೆ ಸೇರಿದ ಫೆರೆಟ್ ಎಂಬ ಸಣ್ಣ ಪ್ರಾಣಿಗೆ ಮಾತ್ರ ಜ್ವರ ಬಂತು, ಮೂಗು ಸೋರಿತು. ಆ ಗಂಟಲು ತೊಳೆದ ನೀರು ಬೇರೆ ಯಾರದ್ದೂ ಅಲ್ಲ, ಆಗ ಫ್ಲೂ ಹಿಡಿದು ಮಲಗಿದ್ದ ಆಂಡ್ರ್ಯೂಸ್ ಅವರದೇ. ಮುಂದೆ ಒಂದು ದಿನ ಸೋಂಕು ತಗಲಿದ ಫೆರೆಟ್ ಸ್ಮಿತ್ ಅವರ ಮುಖದ ಮೇಲೆ ಸೀನಿತು, ಅವರಿಗೂ ಫ್ಲೂ ಬಂತು. ಅವರ ಗಂಟಲಿನಿಂದ ಬೇರ್ಪಡಿಸಿದ ವೈರಸ್ ತಳಿಗೆ ಅವರ ಹೆಸರಿನ ಮೊದಲಕ್ಷರಗಳೇ ಹೆಸರಾದವು. ಇಂದಿಗೂ ಪ್ರಯೋಗಾಲಯಗಳಲ್ಲಿ ಅದು 'ಡಬ್ಲ್ಯು.ಎಸ್.' ತಳಿ. ಇದಕ್ಕಿಂತ ಎರಡು ವರ್ಷ ಮೊದಲೇ ಅಮೆರಿಕದ ರಿಚರ್ಡ್ ಶೋಪ್ ಹಂದಿಗಳ ಫ್ಲೂವಿಗೆ ವೈರಸ್ ಕಾರಣವೆಂದು ತೋರಿಸಿದ್ದರು ಎಂಬುದನ್ನೂ ಹೇಳಿಬಿಡಬೇಕು.

ಫೆರೆಟ್‌ಗಳನ್ನು ಸಾಕಿ ಲಸಿಕೆ ಮಾಡಲಾಗದು. ದಾರಿ ತೋರಿಸಿದ್ದು ಕೋಳಿಮೊಟ್ಟೆ. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಭ್ರೂಣವಿರುವ ಮೊಟ್ಟೆಯೊಳಗೆ ಈ ವೈರಸ್ಸನ್ನು ಬೆಳೆಸುವ ವಿಧಾನವನ್ನು ರೂಢಿಗೆ ತಂದರು. 1941ರಲ್ಲಿ ಜಾರ್ಜ್ ಹರ್ಸ್ಟ್ ಅಂಥ ಒಂದು ಮೊಟ್ಟೆಯಲ್ಲಿ ವಿಚಿತ್ರವೊಂದನ್ನು ಗಮನಿಸಿದರು. ಹರಿದ ರಕ್ತನಾಳದಿಂದ ಸೋರಿದ ಕೆಂಪು ರಕ್ತಕಣಗಳು ವೈರಸ್ ಇದ್ದ ದ್ರವಕ್ಕೆ ಸೇರಿದಾಗ ಒಂದಕ್ಕೊಂದು ಅಂಟಿ ಗಂಟುಗಟ್ಟಿದವು. ವೈರಸ್ಸಿನ ಮೈಮೇಲಿನ ಮುಳ್ಳುಗಳಂಥ ಪ್ರೋಟೀನು, ಹೀಮಗ್ಲುಟಿನಿನ್, ಈ ಕೆಲಸ ಮಾಡುತ್ತಿತ್ತು. ನಮ್ಮ ಶ್ವಾಸನಾಳದ ಜೀವಕೋಶಕ್ಕೆ ವೈರಸ್ ಅಂಟಿಕೊಳ್ಳುವುದೂ ಇದರಿಂದಲೇ. ಎಚ್1ಎನ್1, ಎಚ್3ಎನ್2 ಎನ್ನುವಾಗಿನ 'ಎಚ್' ಅದು. 'ಎನ್' ಎಂಬುದು ನ್ಯೂರಮಿನಿಡೇಸ್ ಎಂಬ ಇನ್ನೊಂದು ಪ್ರೋಟೀನು, ಹೊಸದಾಗಿ ತಯಾರಾದ ವೈರಸ್ ಕಣಗಳನ್ನು ಜೀವಕೋಶದಿಂದ ಬಿಡಿಸಿ ಕಳುಹಿಸುವ ಕತ್ತರಿ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕದ ಸೈನ್ಯಕ್ಕಾಗಿ ಥಾಮಸ್ ಫ್ರಾನ್ಸಿಸ್ ಮತ್ತು ಅವರ ಕಿರಿಯ ಸಹೋದ್ಯೋಗಿ ಜೋನಾಸ್ ಸಾಲ್ಕ್ (ಪೋಲಿಯೊ ಲಸಿಕೆಯ ಸಾಲ್ಕ್ ಇವರೇ) ಮೊಟ್ಟೆಯಲ್ಲಿ ಬೆಳೆದ ವೈರಸ್ಸನ್ನು ಫಾರ್ಮಲಿನ್‌ನಿಂದ ಕೊಂದು ಲಸಿಕೆ ತಯಾರಿಸಿದರು. 1945ರಲ್ಲಿ ಅದು ಜನಸಾಮಾನ್ಯರ ಬಳಕೆಗೂ ಪರವಾನಗಿ ಪಡೆಯಿತು. ಅಲ್ಲಿಗೆ ಸಮಸ್ಯೆ ಮುಗಿಯಿತೆಂದು ಅನೇಕರು ತಿಳಿದರು. ಎರಡೇ ವರ್ಷಗಳಲ್ಲಿ, 1947ರಲ್ಲಿ, ಅದೇ ಲಸಿಕೆ ಹೆಚ್ಚುಕಡಿಮೆ ಪೂರ್ತಿ ಸೋತಿತು. ಲಸಿಕೆ ಕೆಟ್ಟಿರಲಿಲ್ಲ, ವೈರಸ್ ಬದಲಾಗಿತ್ತು.

ನನ್ನ ಅಭಿಪ್ರಾಯದಲ್ಲಿ ಫ್ಲೂ ಲಸಿಕೆಯ ಚರಿತ್ರೆ ನಿಜವಾಗಿ ಆರಂಭವಾಗುವುದು ಈ ಸೋಲಿನಿಂದ. ಫ್ಲೂ ವೈರಸ್ಸಿನ ತಳಿಗುಣ ಎಂಟು ತುಂಡು ಆರ್‌ಎನ್‌ಎಗಳಲ್ಲಿದೆ. ಆರ್‌ಎನ್‌ಎ ನಕಲಾಗುವಾಗ ತಪ್ಪುಗಳು ನುಸುಳುತ್ತವೆ, ತಿದ್ದುವವರಿಲ್ಲ. ಹೀಮಗ್ಲುಟಿನಿನ್‌ನ ಆಕಾರ ವರ್ಷದಿಂದ ವರ್ಷಕ್ಕೆ ಸ್ವಲ್ಪಸ್ವಲ್ಪವೇ ಸರಿಯುತ್ತದೆ. ಹಳೆಯ ಬೀಗಕ್ಕೆ ಮಾಡಿಸಿದ ಕೀಲಿಯಂತೆ ಹಳೆಯ ಪ್ರತಿಕಾಯ ಹೊಸ ವೈರಸ್ಸಿಗೆ ಸರಿಯಾಗಿ ಕೂರುವುದಿಲ್ಲ. ಒಮ್ಮೊಮ್ಮೆ ಎರಡು ಬೇರೆ ವೈರಸ್‌ಗಳು ಒಂದೇ ಜೀವಕೋಶವನ್ನು ಹೊಕ್ಕು ಎಂಟು ತುಂಡುಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ ಹಂಚಿಕೊಳ್ಳುವುದೂ ಉಂಟು. ಆಗ ಯಾರ ದೇಹಕ್ಕೂ ಪರಿಚಯವಿಲ್ಲದ ವೈರಸ್ ಹುಟ್ಟುತ್ತದೆ. ಜಾಗತಿಕ ಪಿಡುಗು ಎದ್ದೇಳುವುದಕ್ಕೆ ಇದೊಂದು ದಾರಿ.

ಬದಲಾಗುವ ಶತ್ರುವಿನ ಮೇಲೆ ಕಣ್ಣಿಡಲೇಬೇಕು. ಅದಕ್ಕಾಗಿ 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದೇಶಗಳ ಪ್ರಯೋಗಾಲಯಗಳನ್ನು ಒಂದು ಜಾಲವಾಗಿ ಹೆಣೆಯಿತು. ದಕ್ಷಿಣ ಭಾರತದಲ್ಲಿ ಇದಕ್ಕೆ ನೆಲೆಯಾದದ್ದು ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯ ಇನ್‌ಫ್ಲುಯೆಂಜಾ ಕೇಂದ್ರ.

1957: ಎರಡು ವೈರಸ್‌ಗಳ ವರ್ಷ

1957 ಕರ್ನಾಟಕದ ವೈದ್ಯಕೀಯ ಚರಿತ್ರೆಯಲ್ಲಿ ಮರೆಯಲಾಗದ ವರ್ಷ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಅದುವರೆಗೆ ಜಗತ್ತಿಗೆ ಗೊತ್ತಿರದ ವೈರಸ್ ಪತ್ತೆಯಾದದ್ದು ಆಗ. ಅದೇ ವರ್ಷ ಮೇ ತಿಂಗಳ ಮಧ್ಯದಲ್ಲಿ ಸಿಂಗಾಪುರದಿಂದ ಬಂದ ಹಡಗಿನಲ್ಲಿ 'ಏಷ್ಯನ್ ಫ್ಲೂ' ಮದ್ರಾಸಿನ ಬಂದರಿಗೆ ಇಳಿಯಿತು. ಇದು ಎಚ್2ಎನ್2, ಕಲಸಿ ಹಂಚಿದ ಎಲೆಗಳಿಂದ ಹುಟ್ಟಿದ ಹೊಸ ವೈರಸ್. 1958ರ ಫೆಬ್ರವರಿಯೊಳಗೆ ದೇಶದಲ್ಲಿ ವರದಿಯಾದ ಪ್ರಕರಣಗಳು ಸುಮಾರು 44 ಲಕ್ಷ. ವರದಿಯಾಗದವು ಇದಕ್ಕಿಂತ ಎಷ್ಟೋ ಹೆಚ್ಚಿದ್ದಿರಬೇಕು.

ಗಮನಿಸಿ: ಈ ಪಿಡುಗು ನಮ್ಮಲ್ಲಿ ಚಳಿಗಾಲಕ್ಕೆ ಕಾಯಲಿಲ್ಲ. ಮೇ ತಿಂಗಳಲ್ಲಿ ಬಂದು ಮುಂಗಾರಿನ ಜೊತೆಗೇ ದೇಶ ಸುತ್ತಿತು. ಜಾಗತಿಕ ಪಿಡುಗು ಯಾವ ಋತುವಿಗೂ ಕಾಯುವುದಿಲ್ಲವಾದ್ದರಿಂದ ಆಗ ಇದನ್ನು ಯಾರೂ ವಿಶೇಷವೆಂದು ಎಣಿಸಲಿಲ್ಲ. ಲಸಿಕೆಯ ಮಾತಾದರೋ ನಮ್ಮ ದೇಶದ ಜನಸಾಮಾನ್ಯರಿಗೆ ದೂರವೇ ಉಳಿಯಿತು. ಲಸಿಕೆ ತಯಾರಿಸುತ್ತಿದ್ದವರು, ಕೊಳ್ಳುತ್ತಿದ್ದವರು ಎಲ್ಲ ಶೀತವಲಯದವರು. ಅವರಲ್ಲಿ ಫ್ಲೂ ನವೆಂಬರಿನಿಂದ ಮಾರ್ಚಿಯವರೆಗೆ ಬರುತ್ತದೆ. ಆದ್ದರಿಂದ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಲಸಿಕೆ. 'ಚಳಿಗಾಲಕ್ಕೆ ಮುಂಚೆ' ಎಂಬ ಮಾತು ಹುಟ್ಟಿದ್ದು ಹೀಗೆ.

ಎರಡು ಪಟ್ಟಿ, ಒಂದು ಭೂಗೋಳ

ಪ್ರತಿ ವರ್ಷ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸಭೆ ಸೇರಿ, ಮುಂಬರುವ ಉತ್ತರಾರ್ಧಗೋಳದ ಚಳಿಗಾಲಕ್ಕೆ ಲಸಿಕೆಯಲ್ಲಿ ಯಾವ ಯಾವ ತಳಿಗಳಿರಬೇಕೆಂದು ಸೂಚಿಸುತ್ತಾರೆ. ಮೊಟ್ಟೆಗಳಲ್ಲಿ ಬೆಳೆಸಿ, ಕೊಂದು, ಶುದ್ಧಮಾಡಿ, ಪರೀಕ್ಷಿಸಿ ಸೀಸೆಗೆ ತುಂಬಲು ಆರು ತಿಂಗಳು ಬೇಕು. ಒಂದು ಡೋಸ್‌ನಲ್ಲಿ ಒಂದೊಂದು ತಳಿಯ ಹೀಮಗ್ಲುಟಿನಿನ್ ಸಾಮಾನ್ಯವಾಗಿ 15 ಮೈಕ್ರೋಗ್ರಾಮ್ ಇರುತ್ತದೆ. ಇಷ್ಟಕ್ಕೆ ಸುಮಾರು ಒಂದು ಮೊಟ್ಟೆ ಬೇಕು. ಕೋಟ್ಯಂತರ ಡೋಸ್ ಎಂದರೆ ಎಷ್ಟು ಮೊಟ್ಟೆಯೆಂದು ನೀವೇ ಲೆಕ್ಕ ಹಾಕಿ.

ದಕ್ಷಿಣಾರ್ಧಗೋಳದವರ ಚಳಿಗಾಲ ಜೂನ್‌ನಿಂದ ಆಗಸ್ಟ್. ಅವರಿಗಾಗಿ 1998ರಿಂದ ಸೆಪ್ಟೆಂಬರಿನಲ್ಲಿ ಇನ್ನೊಂದು ಸಭೆ, ಇನ್ನೊಂದು ಪಟ್ಟಿ. ಆ ಲಸಿಕೆ ಮಾರ್ಚ್-ಏಪ್ರಿಲ್ ಹೊತ್ತಿಗೆ ಸಿದ್ಧವಾಗುತ್ತದೆ. ಕೆಲವು ವರ್ಷ ಎರಡು ಪಟ್ಟಿಗಳೂ ಒಂದೇ, ಕೆಲವು ವರ್ಷ ಒಂದೋ ಎರಡೋ ತಳಿ ಬೇರೆ.

ಈಗ ನಕ್ಷೆ ತೆಗೆಯಿರಿ. ಉಡುಪಿ ಇರುವುದು ಉತ್ತರ ಅಕ್ಷಾಂಶ ಸುಮಾರು 13.3 ಡಿಗ್ರಿಯಲ್ಲಿ. ನಿಸ್ಸಂದೇಹವಾಗಿ ಉತ್ತರಾರ್ಧಗೋಳ. ಆದರೆ ಇಲ್ಲಿ ಫ್ಲೂ ಯಾವಾಗ?

ಈ ಪ್ರಶ್ನೆಗೆ ದೇಶದ ಮಟ್ಟದಲ್ಲಿ ಲೆಕ್ಕಾಚಾರದ ಉತ್ತರ ಬಂದದ್ದು ತೀರ ಈಚೆಗೆ. ಅದಕ್ಕೆ ನೆಪವಾದದ್ದು 2009ರ ಜಾಗತಿಕ ಪಿಡುಗು. ಆ ವರ್ಷ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಭಾರತದ ಮೊದಲ ಎಚ್1ಎನ್1 ಪ್ರಕರಣ ಪತ್ತೆಯಾಯಿತು. ಆಗಸ್ಟ್ ಆರಂಭದಲ್ಲಿ, ಮಳೆಗಾಲದ ನಡುವೆ, ಪುಣೆಯಲ್ಲಿ ಮೊದಲ ಸಾವು. ಭಾರತದ ಕಂಪನಿಗಳು ತಾವೇ ತಯಾರಿಸಿದ ಲಸಿಕೆಗಳು 2010ರಲ್ಲಿ ಹೊರಬಂದವು. ಅವುಗಳಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನದು ಮೂಗಿಗೆ ಸಿಂಪಡಿಸುವ ಲಸಿಕೆ. ಅದಕ್ಕಿಂತ ಮುಖ್ಯವಾಗಿ, ವೈರಸ್ ಪರೀಕ್ಷಿಸುವ ಪ್ರಯೋಗಾಲಯಗಳು ದೇಶದಲ್ಲಿ ಹೆಚ್ಚಿದವು. ಅಲ್ಲಿಯವರೆಗೆ ಮಳೆಗಾಲದ ಜ್ವರವೆಂದರೆ ವೈದ್ಯರ ಮನಸ್ಸಿಗೆ ಮೊದಲು ಬರುತ್ತಿದ್ದುದು ಮಲೇರಿಯ, ಇಲಿಜ್ವರ, ಈಚೆಗೆ ಡೆಂಗೀ. ಅವುಗಳ ಗುಂಪಿನಲ್ಲಿ ಫ್ಲೂ ಹೆಸರಿಲ್ಲದೆ ಅಡಗಿತ್ತು.

ನಮ್ಮ ಕರಾವಳಿಯಲ್ಲಿ ಈ ಕೆಲಸ ನಡೆದದ್ದು ಮಣಿಪಾಲದಲ್ಲಿ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಊರಿನಲ್ಲಿ ಡಾ. ಜಿ. ಅರುಣ್‌ಕುಮಾರ್ ಅವರ ನೇತೃತ್ವದ ವೈರಸ್ ಸಂಶೋಧನಾ ಕೇಂದ್ರ ಬೆಳೆಯಿತು. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡ್ ಕಡೆಯಿಂದ ಬಂದ ಮಾದರಿಗಳಲ್ಲಿ ನಿಪಾ ವೈರಸ್ಸನ್ನು ಮೊದಲು ಗುರುತಿಸಿದ್ದು ಈ ಕೇಂದ್ರವೇ ಎಂಬುದು ನಿಮಗೆ ನೆನಪಿರಬಹುದು. ಅಷ್ಟು ಸುದ್ದಿಯಾಗದ ಇನ್ನೊಂದು ಕೆಲಸವನ್ನೂ ಅದು ಮಾಡಿತು. 2014ರಿಂದ 2018ರವರೆಗೆ ಹತ್ತು ರಾಜ್ಯಗಳ ಆಸ್ಪತ್ರೆಗಳಿಗೆ ಜ್ವರವೆಂದು ದಾಖಲಾದವರ ಮಾದರಿಗಳನ್ನು ಕ್ರಮವಾಗಿ ಪರೀಕ್ಷಿಸುವ ದೊಡ್ಡ ಅಧ್ಯಯನವದು. ಮಲೇರಿಯ, ಡೆಂಗೀ, ಸ್ಕ್ರಬ್ ಟೈಫಸ್‌ಗಳ ಜೊತೆಗೆ ಇನ್‌ಫ್ಲುಯೆಂಜಾವೂ ಮುಖ್ಯ ಕಾರಣಗಳ ಸಾಲಿನಲ್ಲಿ ನಿಂತಿತು. 'ಸುಮ್ಮನೆ ಶೀತಜ್ವರ' ಎಂದು ತಳ್ಳಿಹಾಕುವ ರೋಗವೊಂದು ಜನರನ್ನು ಆಸ್ಪತ್ರೆಯ ಹಾಸಿಗೆಗೆ ತರುತ್ತಿದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಒಂದೇ ಅಕ್ಷಾಂಶ, ಎರಡು ಋತು

ಫ್ಲೂ ಕಣ್ಗಾವಲಿನ ಜಾಲದಲ್ಲಿದ್ದ ಭಾರತದ ಹಲವು ಊರುಗಳ ಅಂಕಿಅಂಶ ಸೇರಿಸಿ ವಿಜ್ಞಾನಿಗಳು 2015ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರಲ್ಲಿ ಕಂಡದ್ದು ಬಹಳ ಸ್ವಾರಸ್ಯದ ಸಂಗತಿ. ಶ್ರೀನಗರದಲ್ಲಿ ಫ್ಲೂ ಏರುವುದು ಜನವರಿಯಿಂದ ಮಾರ್ಚ್, ಯೂರೋಪಿನಂತೆ. ದಿಲ್ಲಿ, ಪುಣೆ, ಕೋಲ್ಕತಾಗಳಲ್ಲಿ ಜುಲೈಯಿಂದ ಸೆಪ್ಟೆಂಬರ್. ಚೆನ್ನೈ, ವೆಲ್ಲೂರುಗಳಲ್ಲಿ ಅಕ್ಟೋಬರ್-ನವೆಂಬರ್.

ಚೆನ್ನೈಯೂ ಉಡುಪಿಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಸೂರ್ಯ ಎರಡೂ ಊರುಗಳನ್ನು ಒಂದೇ ಕೋನದಿಂದ ನೋಡುತ್ತಾನೆ. ಬೇರೆಯಾಗಿರುವುದು ಮಳೆ. ಚೆನ್ನೈಗೆ ಈಶಾನ್ಯ ಮಾರುತದ ಮಳೆ, ಅಕ್ಟೋಬರಿನ ನಂತರ. ನಮಗೆ ನೈರುತ್ಯ ಮಾರುತ. ಉಡುಪಿಯಲ್ಲಿ ವರ್ಷಕ್ಕೆ ಬೀಳುವ ಸುಮಾರು 4000 ಮಿ.ಮೀ. ಮಳೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಜೂನ್-ಸೆಪ್ಟೆಂಬರ್ ನಡುವೆಯೇ ಸುರಿಯುತ್ತದೆ. ಭಾರತದಲ್ಲಿ ಫ್ಲೂ ಬಹುಮಟ್ಟಿಗೆ ಅಕ್ಷಾಂಶವನ್ನಲ್ಲ, ಮಳೆಯನ್ನು ಹಿಂಬಾಲಿಸುತ್ತದೆ. ನೈರುತ್ಯ ಮಾರುತದ ಮಡಿಲಲ್ಲೇ ಇರುವ ಕಾಪು-ಕಾರ್ಕಳಗಳಿಗೆ ಪುಣೆಯ ಋತು ಹೊಂದುತ್ತದೆಯೇ ಹೊರತು ಶ್ರೀನಗರದ್ದಲ್ಲ.

ಯಾಕೆ ಹೀಗೆ? ಇಲ್ಲಿ ಒಂದು ಒಳ್ಳೆಯ ಪ್ರಯೋಗದ ಕಥೆಯಿದೆ. 2007ರಲ್ಲಿ ನ್ಯೂಯಾರ್ಕಿನಲ್ಲಿ ಆನಿಸ್ ಲೋವೆನ್, ಪೀಟರ್ ಪಲೇಸಿ ಮತ್ತು ಸಂಗಡಿಗರು ಗಿನಿಯಿಲಿಗಳನ್ನು ಅಕ್ಕಪಕ್ಕದ ಗೂಡುಗಳಲ್ಲಿಟ್ಟು ಉಷ್ಣತೆ ಮತ್ತು ತೇವಾಂಶಗಳನ್ನು ಬದಲಾಯಿಸಿ ಸೋಂಕು ಹೇಗೆ ಹರಡುತ್ತದೆ ಎಂದು ನೋಡಿದರು. ಚಳಿ, ಒಣಗಾಳಿ ಇದ್ದಾಗ ವೈರಸ್ ಗಾಳಿಯ ಮೂಲಕ ಸರಾಗವಾಗಿ ಹರಡಿತು. 30 ಡಿಗ್ರಿಯಲ್ಲಿ ಗಾಳಿಯ ದಾರಿ ಮುಚ್ಚಿಹೋಯಿತು. ಶೀತದೇಶದ ಚಳಿಗಾಲಕ್ಕೆ ಇದು ಸೊಗಸಾದ ವಿವರಣೆ, ನಮ್ಮ ಮಳೆಗಾಲಕ್ಕೆ ಅಲ್ಲ. ಮರುವರ್ಷ ಅದೇ ತಂಡ ಗಿನಿಯಿಲಿಗಳನ್ನು ಒಂದೇ ಗೂಡಿನಲ್ಲಿಟ್ಟಿತು. ಈಗ 30 ಡಿಗ್ರಿಯಲ್ಲೂ ಸೋಂಕು ಹರಡಿತು! ಅಂದರೆ ಹತ್ತಿರದ ಸಂಪರ್ಕವಿದ್ದರೆ ಬೆಚ್ಚನೆಯ ಹವೆಯೂ ವೈರಸ್ಸನ್ನು ತಡೆಯದು. 2013ರಲ್ಲಿ ಜಗತ್ತಿನ 78 ಸ್ಥಳಗಳನ್ನು ಹೋಲಿಸಿದ ಇನ್ನೊಂದು ಅಧ್ಯಯನವೂ ಫ್ಲೂವಿಗೆ ಎರಡು ಬಗೆಯ ಹವೆ ಹಿತವೆಂದು ಹೇಳಿತು. ಒಂದು, ತಂಪಾದ ಒಣ ಹವೆ. ಇನ್ನೊಂದು, ತೇವದ ಮಳೆಯ ಹವೆ.

ಈಗ ಜೂನ್ ತಿಂಗಳ ಕರಾವಳಿಯನ್ನು ನೆನೆಸಿಕೊಳ್ಳಿ. ಎರಡು ತಿಂಗಳ ರಜೆ ಮುಗಿಸಿ ಶಾಲೆಗಳು ತೆರೆಯುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಂದೇ ವಾರ. ಇರಚಲು ಹೊಡೆಯುತ್ತದೆಂದು ತರಗತಿಯ ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಕಾರ್ಕಳದಿಂದ ಉಡುಪಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಗಾಜೋ ಟಾರ್ಪಾಲೋ ಇಳಿದು, ಒದ್ದೆ ಕೊಡೆಗಳ ನಡುವೆ ಜನ ಮೈಗೆ ಮೈ ತಾಗಿ ನಿಂತಿರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೋಣಿಗಳು ದಡದಲ್ಲಿ, ಮೀನುಗಾರರು ಮನೆಯಲ್ಲಿ. ಗಿನಿಯಿಲಿಗಳನ್ನು ಒಂದೇ ಗೂಡಿನಲ್ಲಿಟ್ಟ ಹಾಗೆಯೇ ಅಲ್ಲವೇ? ಇದು ಪೂರ್ತಿ ವಿವರಣೆಯೆಂದು ನಾನು ಹೇಳುತ್ತಿಲ್ಲ. ಉಷ್ಣವಲಯದ ಫ್ಲೂ ಋತುವಿನ ಕಾರಣಗಳ ಚರ್ಚೆ ಇನ್ನೂ ನಡೆಯುತ್ತಿದೆ.

ನಮ್ಮ ಹಿರಿಯರಿಗೆ ವೈರಸ್ ಗೊತ್ತಿರಲಿಲ್ಲ, ರೋಗದ ಋತು ಮಾತ್ರ ಚೆನ್ನಾಗಿ ಗೊತ್ತಿತ್ತು. ತುಳುನಾಡಿನಲ್ಲಿ ಆಟಿ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಕಷ್ಟದ ತಿಂಗಳು, ಕಾಯಿಲೆಯ ತಿಂಗಳು. ಊರಿನ ಮಾರಿಯನ್ನು ಕಳೆಯಲೆಂದು ಆಟಿ ಕಳೆಂಜ ಮನೆಮನೆಗೆ ಬರುವುದು ಆಗ. ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆಮರದ ತೊಗಟೆಯ ಕಹಿ ಕಷಾಯ ಕುಡಿದು, ಮೇಲೆ ಮೆಂತೆಯ ಗಂಜಿ ಉಣ್ಣುವುದೂ ಆಗಲೇ. ಕಷಾಯ ಫ್ಲೂವನ್ನು ತಡೆಯುತ್ತದೆ ಎನ್ನಲು ಆಧಾರವಿಲ್ಲ. ಆದರೆ ರೋಗದ ತಿಂಗಳು ಜನವರಿಯಲ್ಲ, ಆಟಿ ಎಂದು ಗುರುತಿಸಿದ್ದರಲ್ಲ, ಆ ಗಮನಿಕೆ ಸರಿಯಾಗಿತ್ತು.

ಹಾಗಾದರೆ ಯಾವಾಗ?

ಲಸಿಕೆ ಚುಚ್ಚಿದ ಸುಮಾರು ಎರಡು ವಾರಗಳಲ್ಲಿ ರಕ್ತದಲ್ಲಿ ಸಾಕಷ್ಟು ಪ್ರತಿಕಾಯಗಳು ತಯಾರಾಗುತ್ತವೆ. ಮುಂದೆ ತಿಂಗಳು ಕಳೆದಂತೆ ರಕ್ಷಣೆ ಇಳಿಯುತ್ತ ಹೋಗುತ್ತದೆ, ವಯಸ್ಸಾದವರಲ್ಲಿ ಬೇಗನೆ. ಅಮೆರಿಕದಿಂದ ಬಂದ ಸಲಹೆಯಂತೆ ಕಾಪುವಿನ ಅಜ್ಜಿಯೊಬ್ಬರು ಅಕ್ಟೋಬರ್ ಕೊನೆಗೆ ಲಸಿಕೆ ಹಾಕಿಸಿಕೊಂಡರು ಎನ್ನೋಣ. ಆ ವರ್ಷದ ಮಳೆಗಾಲದ ಫ್ಲೂ ಆಗಲೇ ಬಂದು ಹೋಗಿದೆ. ಮುಂದಿನ ಜುಲೈಗೆ ಒಂಬತ್ತು ತಿಂಗಳು. ಅಷ್ಟರಲ್ಲಿ ಪ್ರತಿಕಾಯ ಇಳಿದಿರುತ್ತದೆ, ವೈರಸ್ ಸರಿದಿರಬಹುದು, ಮಾರುಕಟ್ಟೆಗೆ ಹೊಸ ಸಾಲಿನ ಲಸಿಕೆಯೂ ಬಂದಿರುತ್ತದೆ. ಅದೇ ಅಜ್ಜಿ ಏಪ್ರಿಲ್-ಮೇಯಲ್ಲಿ ಹಾಕಿಸಿಕೊಂಡಿದ್ದರೆ ಮೊದಲ ಮಳೆಗೆ ಸಿದ್ಧರಾಗಿರುತ್ತಿದ್ದರು, ಆಟಿ ತಿಂಗಳಲ್ಲಿ ರಕ್ಷಣೆ ಇನ್ನೂ ಗಟ್ಟಿಯಾಗಿರುತ್ತಿತ್ತು. ಭಾರತದ ಹೆಚ್ಚಿನ ಭಾಗಕ್ಕೆ ಏಪ್ರಿಲ್-ಮೇ, ಶ್ರೀನಗರದಂಥ ಕಡೆಗೆ ಅಕ್ಟೋಬರ್-ನವೆಂಬರ್ ಸೂಕ್ತ ಎಂಬುದೇ 2015ರ ಲೇಖನದ ತೀರ್ಮಾನವೂ ಆಗಿತ್ತು.

ಇದರಿಂದ ಒಂದು ತಮಾಷೆಯ ಪರಿಣಾಮವಿದೆ. ಏಪ್ರಿಲ್-ಮೇಯಲ್ಲಿ ದೊರೆಯಬಹುದಾದ ಎಲ್ಲಕ್ಕಿಂತ ಹೊಸ ಲಸಿಕೆ, ಹಿಂದಿನ ಸೆಪ್ಟೆಂಬರಿನಲ್ಲಿ ತಳಿ ಆರಿಸಿದ್ದು. ಅದರ ಪೆಟ್ಟಿಗೆಯ ಮೇಲೆ 'ದಕ್ಷಿಣಾರ್ಧಗೋಳ' ಎಂದು ಅಚ್ಚಾಗಿರುತ್ತದೆ. ಉತ್ತರಾರ್ಧಗೋಳದ ಉಡುಪಿಗೆ ಸರಿಹೊಂದುವುದು ದಕ್ಷಿಣಾರ್ಧಗೋಳದ ಸೀಸೆ! ಪೆಟ್ಟಿಗೆ ನೋಡಿದ ಭೂಗೋಳದ ಅಧ್ಯಾಪಕರು ಅಂಗಡಿಯವನೊಡನೆ ಜಗಳಕ್ಕಿಳಿಯಬೇಕಾಗಿಲ್ಲ. ಅದರ ಮೇಲಿನ ವರ್ಷವನ್ನು ಮಾತ್ರ ನೋಡಿ, ಹಿಂದಿನ ಸಾಲಿನದನ್ನು ಒಪ್ಪಿಕೊಳ್ಳಬೇಡಿ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಟ್ಟಿದ್ದಾರೆಯೇ ಎಂದೂ ಕೇಳಿ.

ಕರಾವಳಿಯವರಿಗೆ ನೆನಪಿಗೊಂದು ಗುರುತು ಬೇಕಾದರೆ ಪತ್ತನಾಜೆ ಇದೆ. ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುದು, ಕೋಲ-ನೇಮಗಳು ನಿಲ್ಲುವುದು ಆ ದಿನ. ಲಸಿಕೆ ಹಾಕಿಸಿಕೊಳ್ಳಲು ಅದು ಕೊನೆಯ ದಿನಾಂಕವೆಂದು ಇಟ್ಟುಕೊಳ್ಳಬಹುದು. ಅದಕ್ಕೆ ಎರಡು ವಾರ ಮುಂಚೆಯೇ ಆದರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ ಇಲ್ಲಿ ಬೇಕು. ಮಳೆಗಾಲದ ನಿಯಮಕ್ಕೆ ಅಪವಾದಗಳಿವೆ. 2015ರ ಮೊದಲ ತಿಂಗಳುಗಳಲ್ಲಿ ಎಚ್1ಎನ್1 ದೇಶದಲ್ಲಿ ಜೋರಾಗಿ ಎದ್ದಿತು. ಆ ವರ್ಷ ಸರಕಾರದ ಲೆಕ್ಕದಲ್ಲಿ 42 ಸಾವಿರಕ್ಕೂ ಹೆಚ್ಚು ಪ್ರಕರಣ, ಮೂರು ಸಾವಿರದ ಹತ್ತಿರ ಸಾವು. 2023ರ ಜನವರಿಯಿಂದ ಮಾರ್ಚ್‌ವರೆಗೆ ಎಚ್3ಎನ್2 ಹರಡಿತು, ಕರ್ನಾಟಕದಲ್ಲೂ ಕಾಣಿಸಿತು. ಇನ್ನು ಡಿಸೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ಬಾಸ್ಟನ್‌ಗೆ ಹೊರಟ ಅಜ್ಜಿಗೆ ಅಲ್ಲಿಯ ಚಳಿಗಾಲವೇ ಫ್ಲೂ ಋತು. ಅಂಥವರು ವೈದ್ಯರೊಡನೆ ಮಾತಾಡಿ ಉತ್ತರಾರ್ಧಗೋಳದ ಲಸಿಕೆಯ ವಿಚಾರ ನಿರ್ಧರಿಸಬೇಕು.

ತರಗತಿಯಲ್ಲಿ ಬರುವ ಪ್ರಶ್ನೆಗಳು

"ಲಸಿಕೆಯಿಂದಲೇ ಫ್ಲೂ ಬರುತ್ತದಂತೆ, ಹೌದೇ?" ಚುಚ್ಚುವ ಲಸಿಕೆಯಲ್ಲಿರುವುದು ಸತ್ತ ವೈರಸ್ಸಿನ ತುಣುಕುಗಳು, ಅದರಿಂದ ಫ್ಲೂ ಬರಲಾರದು. ತೋಳು ಒಂದೆರಡು ದಿನ ನೋಯಬಹುದು, ಮೈ ಬೆಚ್ಚಗಾಗಬಹುದು. "ಹಾಕಿಸಿಕೊಂಡರೂ ಜ್ವರ ಬಂತಲ್ಲ?" ಬರಬಹುದು. ಡೆಂಗೀ, ಇಲಿಜ್ವರ, ನೆಗಡಿಗಳಿಗೆ ಈ ಲಸಿಕೆ ಏನೂ ಮಾಡದು. ಫ್ಲೂವಿನ ವಿರುದ್ಧವೂ ತಳಿ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ಅದರ ಸಾಮರ್ಥ್ಯ ಶೇಕಡ 40ರಿಂದ 60. ಲೆಕ್ಕ ಸುಲಭ: ಲಸಿಕೆಯಿಲ್ಲದ ನೂರು ಜನರಲ್ಲಿ ಹತ್ತು ಮಂದಿಗೆ ಫ್ಲೂ ಬರುವ ಕಡೆ, ಶೇಕಡ 50ರ ಸಾಮರ್ಥ್ಯವಿದ್ದರೆ ಲಸಿಕೆ ಪಡೆದ ನೂರರಲ್ಲಿ ಐದು ಮಂದಿಗೆ ಬರುತ್ತದೆ. ಬಂದರೂ ಆಸ್ಪತ್ರೆ ಸೇರುವ ಸಂಭವ ಕಡಿಮೆ. ದಡಾರದ ಲಸಿಕೆಗೆ ಹೋಲಿಸಿದರೆ ಇದು ದುರ್ಬಲವೇ, ಅದನ್ನು ಮುಚ್ಚಿಡಬೇಕಾಗಿಲ್ಲ.

ಇದು ಸರಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ, ಹೆಚ್ಚಿನವರು ಹಣ ಕೊಟ್ಟೇ ಹಾಕಿಸಿಕೊಳ್ಳಬೇಕು. ಆದ್ದರಿಂದ ಯಾರಿಗೆ ಮೊದಲು ಎಂಬ ಪ್ರಶ್ನೆ ಮುಖ್ಯ. ಗರ್ಭಿಣಿಯರು, ಆರು ತಿಂಗಳು ದಾಟಿದ ಎಳೆಯ ಮಕ್ಕಳು, ವೃದ್ಧರು, ಆಸ್ತಮಾ, ಸಕ್ಕರೆ ಕಾಯಿಲೆ, ಹೃದ್ರೋಗ ಇರುವವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಮುಂದಿನ ಸಾಲಿನಲ್ಲಿರಬೇಕು. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲ ಕೊಡಿಸುವಾಗ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು. ಹಾಗಾಗಿ ಮಕ್ಕಳಿಗೆ ಏಪ್ರಿಲಿನಲ್ಲೇ ಆರಂಭಿಸಬೇಕಾಗುತ್ತದೆ.

ಕುತೂಹಲದ ಸುದ್ದಿಯೊಂದಿದೆ. ಫ್ಲೂ-ಬಿ ವೈರಸ್ಸಿನ ಎರಡು ವಂಶಗಳಲ್ಲಿ ಒಂದಾದ 'ಯಮಗಾಟ' 2020ರ ಮಾರ್ಚ್ ಬಳಿಕ ಜಗತ್ತಿನ ಎಲ್ಲಿಯೂ ಖಚಿತವಾಗಿ ಸಿಕ್ಕಿಲ್ಲ. ಕೋವಿಡ್ ಕಾಲದಲ್ಲಿ ಜನ ಮುಖಗವಸು ಹಾಕಿ ಮನೆಯೊಳಗುಳಿದಾಗ ಅದು ಅಳಿದುಹೋದಂತಿದೆ. ನಾಲ್ಕು ತಳಿಗಳಿದ್ದ ಲಸಿಕೆಯಿಂದ ಅದನ್ನು ಕೈಬಿಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಸೆಪ್ಟೆಂಬರಿನಲ್ಲಿ ಹೇಳಿತು.

ಕೊನೆಗೆ, ನಿಮ್ಮ ಶಾಲೆಯಲ್ಲೇ ಮಾಡಬಹುದಾದ ಒಂದು ಕೆಲಸ. ಹಾಜರಿ ಪುಸ್ತಕಗಳು ಬೀರುವಿನಲ್ಲಿ ಇದ್ದೇ ಇರುತ್ತವೆ. ಜೂನ್‌ನಿಂದ ಮಾರ್ಚ್‌ವರೆಗೆ ವಾರವಾರವೂ ಎಷ್ಟು ಮಕ್ಕಳು ಗೈರುಹಾಜರಾದರು ಎಂದು, ಹೆಸರು ಬಿಟ್ಟು, ಎಣಿಸಿ. ಹಬ್ಬದ ವಾರಗಳನ್ನು, ಮಳೆಗೆ ರಜೆ ಕೊಟ್ಟ ದಿನಗಳನ್ನು ತೆಗೆದುಹಾಕಿ. ಹತ್ತಿರದ ಮಳೆಮಾಪಕದ ಅಂಕಿಗಳನ್ನು ತಂದು ಅದೇ ಹಾಳೆಯಲ್ಲಿ ಎರಡನೆಯ ಗೆರೆ ಎಳೆಯಿರಿ. ಗೈರುಹಾಜರಿಗೆ ಕಾರಣ ಫ್ಲೂ ಒಂದೇ ಅಲ್ಲ, ಹೊಳೆ ತುಂಬಿ ಬರಲಾಗದ ಮಕ್ಕಳೂ ಇರುತ್ತಾರೆ. ಅದನ್ನು ಬೇರ್ಪಡಿಸುವುದು ಹೇಗೆಂದು ಮಕ್ಕಳನ್ನೇ ಕೇಳಿ. ಕಾಪುವಿನ ಕಡಲತಡಿಯ ಶಾಲೆಯದೊಂದು, ಘಟ್ಟದ ಬುಡದಲ್ಲಿರುವ ಕಾರ್ಕಳ ತಾಲ್ಲೂಕಿನ ಶಾಲೆಯದೊಂದು, ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಗೆರೆಗಳು ಯಾವ ವಾರದಲ್ಲಿ ಏರುತ್ತವೆ ಎಂಬುದು ಕಾಣುತ್ತದೆ.